ಅರ್ಧ ಬಿಲ್ಲೆಯ ಗಟ್ಟಿತನ

ಮೊದಲ ಸಾಲು ಬರೆಯುವಷ್ಟರಲ್ಲಿ ಮಗು ಪೆನ್ನು ಕಿತ್ತುಕೊಂಡಿತು. ಪೆನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹೊರಗಿಂದ, "ಅಕ್ಕಾ, ಕಡಪ ಕಲ್ಲು ಐತಾ?" ಚಳ್ಳಕೆರೆಯಲ್ಲಿ ಕಲ್ಲಿನ ಅಂಗಡಿಯವರನ್ನು ಕಟ್ಟಿಕೊಂಡವಳಿಗೆ ನೆಮ್ಮದಿಯಾಗಿ ಬರೆಯುವ ಯೋಗವಿಲ್ಲ. ನಗುವುದಕ್ಕೆ ಮಾತ್ರ ಬರವಿಲ್ಲ, ಅದು ಗಿರಾಕಿಯ ರೂಪದಲ್ಲಿ ತಾನಾಗಿಯೇ ನಡೆದು ಬರುತ್ತದೆ.

ವಿಚಿತ್ರ ಗಿರಾಕಿ

ಒಬ್ಬ ಹುಡುಗ ಬಂದ. ಪಿಎಚ್‌ಡಿ ಮಾಡುತ್ತಾನಂತೆ. ಕೈಯಲ್ಲಿ ಒನಕೆ ತುಂಡಿನಂಥ ದುಂಡು ಕಲ್ಲು, ಬೋರ್ ಕೊರೆದು ತೆಗೆದದ್ದು.

"ಅಣ್ಣಾ, ಇದನ್ನ ಬಿಲ್ಲೆಬಿಲ್ಲೆಯಾಗಿ ಕೊಯ್ದುಕೊಡಿ. ಕೆಲವು ಪೂರ್ತಿ, ಕೆಲವು ಅರ್ಧ. ಪೂರ್ತಿ ಬಿಲ್ಲೆಗೆ ನಡುವೆ, ಅರ್ಧ ಬಿಲ್ಲೆಗೆ ಅಂಚಿನಿಂದ ಒಂದು ಸಣ್ಣ ಸೀಳು ಬಿಡಿ."

ನಮ್ಮ ಮನೆಯವರು ಕಣ್ಣರಳಿಸಿದರು. "ಚೆನ್ನಾಗಿರೋ ಕಲ್ಲಿಗೆ ನಾವೇ ಸೀಳು ಬಿಡ್ಬೇಕಾ?"

"ಹೂಂ ಅಣ್ಣಾ. ಮಿಷನ್ನಲ್ಲಿ ಒತ್ತಿದಾಗ ಬಿರುಕು ಅಲ್ಲಿಂದಲೇ ಹೊರಡ್ಬೇಕು. ಎಷ್ಟು ಒತ್ತಿದ್ರೆ ಒಡೀತೈತೆ ಅಂತ ನೋಡ್ತೀವಿ. ಇರೋದು ಇದೊಂದೇ ಕಲ್ಲು. ಇದು ಕೆಟ್ರೆ ನನ್ನ ಪಿಎಚ್‌ಡಿನೂ ಕೆಟ್ಟಂಗೆ."

ಕಲ್ಲು ಒಡೆಯಿತು ಅಂತ ಜಗಳಕ್ಕೆ ಬರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒಡೆಯದಿದ್ದರೆ ಜಗಳಕ್ಕೆ ಬರುವ ಗಿರಾಕಿ ಇವನೇ ಮೊದಲು.

ಬಂಡೆ, ಹಪ್ಪಳ

ಹುಡುಗನಿಗೆ ಟೀ ಕೊಟ್ಟಾಗ ಅತ್ತೆಯೂ ಬಂದು ಕೂತರು. ಅವರ ತವರು ಮೊಳಕಾಲ್ಮೂರು, ಮಗ್ಗದ ಮನೆ. ಈಗ ನಮ್ಮ ಅಂಗಡಿಯಲ್ಲಿ ಕೊನೆಯ ಪಾಲಿಶ್ ಅವರದೇ.

"ಏಮಪ್ಪಾ, ಒಂದೇ ಕಲ್ಲಿಗೆ ಎರಡು ಆಕಾರ ಯಾಕೆ?"

"ಅದೇ ನನ್ನ ವಿಷಯ ಅಮ್ಮಾ. ಕಲ್ಲು ಒಂದೇ ಆದ್ರೂ ಆಕಾರ ಬದಲಾದ್ರೆ ಗಟ್ಟಿತನದ ಲೆಕ್ಕ ಬೇರೆ ಬರ್ತೈತೆ. ಸಾಮಾನ್ಯವಾಗಿ ಅರ್ಧ ಬಿಲ್ಲೆಯದು ಕಡಿಮೆ."

"ಅದಕ್ಕೆ ಮಿಷನ್ ಯಾಕೆ? ನನ್ನ ಮಗನ್ನ ನೋಡು. ನನ್ನ ಮುಂದೆ ಬಂಡೆ, ಇವಳ ಮುಂದೆ ಹಪ್ಪಳ."

ನಾನು ಸುಮ್ಮನಿರುವ ಪೈಕಿಯಲ್ಲ. "ಅತ್ತೇ, ಸೀಳು ನೀವೇ ಬಿಟ್ಟು ಕಳಿಸ್ತೀರಿ. ನಾನು ಒತ್ತೋದಷ್ಟೇ."

ಅಂಚಿನ ಮರ್ಯಾದೆ

ಬಿಲ್ಲೆಗಳಿಗೆ ಪಾಲಿಶ್ ಮಾಡಿ, ಡಬ್ಬಿಗೆ ತುಂಬಿ ಟೇಪು ಸುತ್ತಿದ್ದೂ ಅತ್ತೆಯೇ. ಹುಡುಗ ಹೇಳಿದಂತೆ ಬಸ್ಸಿನಲ್ಲಿ ಕಾಲೇಜಿಗೆ ಕಳಿಸಿದೆವು. ಅಲ್ಲಿ ಮಿಷನ್ನಿನವರು ಬಂದದ್ದನ್ನು ಬಂದಂತೆ ಒತ್ತಿ, ಅವನಿಗೆ ಬರೀ ಅಂಕಿ ಕಳಿಸಿದರಂತೆ.

ಕೆಲವು ದಿನಗಳ ಮೇಲೆ ಹುಡುಗ ಮೈಸೂರುಪಾಕಿನ ಡಬ್ಬಿ ಹಿಡಿದು ಓಡಿ ಬಂದ.

"ಅಕ್ಕಾ, ಎಲ್ಲಾ ಉಲ್ಟಾ! ಅರ್ಧ ಬಿಲ್ಲೆನೇ ಭಾರೀ ಗಟ್ಟಿ ಬಂದೈತೆ. ನಮ್ಮ ಗೈಡು ಕುಣಿದಾಡ್ತಾ ಅವ್ರೆ. ನಾಳೆ ದೊಡ್ಡೋರ ಮುಂದೆ ನಾನು ಇದನ್ನೇ ಹೇಳ್ಬೇಕು!"

ಅತ್ತೆ ಮೈಸೂರುಪಾಕು ಮುರಿಯುತ್ತಾ, "ಬರದೇ ಏನು? ಅಂಚಿನ ಸೀಳಿಗೆಲ್ಲ ಕಲ್ಲು ಅಂಟಿಸೋ ಗಮ್ಮು ತುಂಬಿ, ಗೊತ್ತೇ ಆಗದಂಗೆ ಪಾಲಿಶ್ ಹೊಡೆದಿದ್ದೆ" ಎಂದರು.

ಹುಡುಗನ ಕೈ ಡಬ್ಬಿಯಲ್ಲೇ ನಿಂತಿತು. "ಸೀಳು... ಮುಚ್ಚಿದ್ರಾ?"

"ನಡುವೆ ಇದ್ದದ್ದು ಸೀರೆ ಮೇಲಿನ ಬುಟ್ಟಾ ಇದ್ದಂಗೆ ಚೆಂದ ಇತ್ತು, ಬಿಟ್ಟೆ. ಅಂಚು ಹರಿದ ಸೀರೆ ಯಾರಾದ್ರೂ ಗಿರಾಕಿ ಕೈಗೆ ಕೊಡ್ತಾರೇನಪ್ಪಾ? ಆಮೇಲೆ ಒಡ್ಕೊಳ್ಳೋದು ನಿಮ್ಮಿಷ್ಟ. ನಮ್ಮ ಮನೆಯಿಂದ ಹರುಕು ಹೋಗ್ಬಾರ್ದು."

ನಮ್ಮ ಮನೆಯವರು ಮೆಲ್ಲಗೆ ಎದ್ದು, ಇಲ್ಲದ ಗಿರಾಕಿಯನ್ನು ಮಾತಾಡಿಸಲು ಹೊರಗೆ ಹೋದರು.

ಹುಡುಗ ನನ್ನ ಕಡೆ ತಿರುಗಿದ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದ ನನ್ನನ್ನೇ ಕೇಳಿದ:

"ಅಕ್ಕಾ, ನಾಳೆ ಯಾವುದರ ಗಟ್ಟಿತನ ಅಂತ ಹೇಳ್ಲಿ? ಕಲ್ಲಿನದಾ, ಗಮ್ಮಿನದಾ, ಅಮ್ಮನದಾ?"