ಕೀಗೆ ಬುದ್ಧಿ ತುಂಬುವ ಕೆಲಸ

ಮಂಡ್ಯದ ಗುತ್ತಲಿನಲ್ಲಿ ನಮ್ಮದೊಂದು ಕಾರ್ ಕೀ ಅಂಗಡಿ. ಯಜಮಾನರು ಕೀ ಕತ್ತರಿಸುತ್ತಾರೆ. ಎಲೆಕ್ಟ್ರಾನಿಕ್ಸ್ ಓದಿದ ತಪ್ಪಿಗೆ ನಾನು ಲ್ಯಾಪ್‌ಟಾಪ್ ಹಿಡಿದು ಆ ಕೀಗೆ ಬುದ್ಧಿ ತುಂಬುತ್ತೇನೆ. ಕಾರುಗಳು ವರ್ಷದಿಂದ ವರ್ಷಕ್ಕೆ ಜಾಣವಾಗುತ್ತಿವೆ. ಅವುಗಳ ಮಾಲೀಕರು ಅದಕ್ಕಿಂತ ಜಾಣರಾದ್ದರಿಂದ ನಮ್ಮ ಅಂಗಡಿ ಖಾಲಿ ಕೂತ ದಿನವಿಲ್ಲ.

೧. ಪರಮ ಗುಟ್ಟು

ನಮ್ಮ ಬಡಾವಣೆಯ ರಿಟೈರ್ಡ್ ಅಧಿಕಾರಿಯೊಬ್ಬರು ಇನ್ನೆಲ್ಲೋ ಡೂಪ್ಲಿಕೇಟ್ ಕೀ ಮಾಡಿಸಿಕೊಂಡು ಬಂದಿದ್ದರು. ಬಾಗಿಲು ತೆಗೆಯುತ್ತೆ, ತಿರುಗುತ್ತೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ.

"ಸಾರ್, ಒರಿಜಿನಲ್ ಕೀ ತಲೆಯೊಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತೆ. ಕೀ ಹಾಕಿದ ತಕ್ಷಣ ಕಾರು 'ಯಾರು ನೀನು?' ಅಂತ ಕೇಳುತ್ತೆ. ಚಿಪ್ ಸರಿಯಾದ ಉತ್ತರ ಹೇಳಿದರೆ ಮಾತ್ರ ಇಂಜಿನ್‌ಗೆ ಅಪ್ಪಣೆ. ನಿಮ್ಮ ಡೂಪ್ಲಿಕೇಟ್ ಮೂಗ ಸಾರ್, ಅದರಲ್ಲಿ ಚಿಪ್ಪೇ ಇಲ್ಲ" ಅಂದೆ.

ತಲೆಯಾಡಿಸಿ ಹೋದವರು ವಾರ ಬಿಟ್ಟು ನಗುತ್ತಾ ಬಂದರು. "ನಿಮ್ಮ ಹಂಗೇ ಬೇಡ ಕಣಮ್ಮ. ಒರಿಜಿನಲ್ ಕೀನ ಸ್ಟೇರಿಂಗ್ ಕೆಳಗೆ ಟೇಪ್ ಹಾಕಿ ಅಂಟಿಸಿಬಿಟ್ಟೆ. ಈಗ ಡೂಪ್ಲಿಕೇಟ್‌ನಲ್ಲೇ ಜುಮ್ಮಂತ ಸ್ಟಾರ್ಟು."

"ಸಾರ್, ಈಗ ಯಾವ ಮೂಗ ಕೀ ಹಾಕಿದರೂ ಆ ಚಿಪ್ಪೇ ಉತ್ತರ ಹೇಳಿಬಿಡುತ್ತೆ. ಕಳ್ಳನಿಗೂ ಜುಮ್ಮಂತಲೇ ಸ್ಟಾರ್ಟ್ ಆಗುತ್ತಲ್ಲ?"

ಅವರು ದನಿ ತಗ್ಗಿಸಿದರು. "ಅವನಿಗೆ ಹೇಗೆ ಗೊತ್ತಾಗಬೇಕು? ವಾಕಿಂಗ್ ಬರೋರಿಗೆ ಬಿಟ್ಟರೆ ಇನ್ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ."

೨. ಕೋತಿ ಓಡಿಸುವ ರಿಮೋಟು

ಆತಗೂರು ಕಡೆಯ ತಾತ ಒಬ್ಬರು ಮೊಮ್ಮಗನ ಕೈಲಿ ಕಾರು ಓಡಿಸಿಕೊಂಡು ಬಂದು, ರಿಮೋಟನ್ನು ನನ್ನ ಟೇಬಲ್ ಮೇಲಿಟ್ಟರು. "ಇದು ಸತ್ತೋಗ್ಬುಟ್ಟದೆ ಕಣವ್ವ, ಒಸಿ ನೋಡು."

ಸೆಲ್ ಬದಲಾಯಿಸಿದೆ. ರಿಮೋಟಿನ ದೀಪ ಹತ್ತಿತು. ಬಾಗಿಲಲ್ಲೇ ನಿಂತಿದ್ದ ಕಾರು ಮಾತ್ರ ಕಿವಿಗೇ ಹಾಕಿಕೊಳ್ಳಲಿಲ್ಲ.

"ತಾತ, ದಿನಕ್ಕೆ ಎಷ್ಟು ಸಲ ಒತ್ತುತ್ತೀರಿ?"

"ಕೋತಿ ಬಂದಷ್ಟು ಸಲ."

ವಿಷಯ ಇಷ್ಟು. ಮೊಮ್ಮಗ ಕಾರು ನಿಲ್ಲಿಸುವುದು ತೆಂಗಿನ ತೋಟದಲ್ಲಿ. ಕೆಂಪು ಗುಂಡಿ ಒತ್ತಿದರೆ ಕಾರು ಬಡಕೊಳ್ಳುತ್ತದೆ, ಎಳನೀರಿಗೆ ಬಂದ ಕೋತಿಗಳು ದಿಕ್ಕಾಪಾಲು. ಹಾಗಾಗಿ ತಾತ ಬೆಳಗಿಂದ ಸಂಜೆವರೆಗೆ ಮನೆ ಜಗಲಿಯಲ್ಲಿ ಕೂತು ಒತ್ತಿದ್ದೇ ಒತ್ತಿದ್ದು. ಅಷ್ಟು ದೂರಕ್ಕೆ ನೂರಾರು ಸಲದಲ್ಲಿ ಒಮ್ಮೆ ಮುಟ್ಟಿದರೆ ಹೆಚ್ಚು.

"ತಾತ, ಪ್ರತಿ ಸಲ ಒತ್ತಿದಾಗಲೂ ರಿಮೋಟು ಹೊಸದೊಂದು ಗುಟ್ಟಿನ ನಂಬರ್ ಹೇಳುತ್ತೆ. ಕಾರೂ ಅದರ ಜೊತೆಜೊತೆಗೆ ಎಣಿಸಿಕೊಂಡು ಬರುತ್ತೆ. ಕಾರಿಗೆ ಕೇಳಿಸದಷ್ಟು ದೂರದಿಂದ ಒತ್ತುತ್ತಾ ಹೋದರೆ ರಿಮೋಟು ಎಷ್ಟೋ ಮುಂದೆ ಹೋಗಿರುತ್ತೆ, ಕಾರು ಹಿಂದೇ ಉಳಿದಿರುತ್ತೆ. ಆಮೇಲೆ ಒಂದರ ಗುರುತು ಇನ್ನೊಂದಕ್ಕೆ ಸಿಗಲ್ಲ."

ಎರಡನ್ನೂ ರಾಜಿ ಮಾಡಿಸಿ, "ಇನ್ನು ಮೇಲೆ ಕಾರಿನ ಹತ್ತಿರ ಹೋಗಿ ಒತ್ತಿ" ಎಂದು ಕೈಗಿಟ್ಟೆ.

ತಾತ ನನ್ನನ್ನು ಕನಿಕರದಿಂದ ನೋಡಿದರು. "ಅತ್ರುಕ್ಕೆ ಓಗಂಗಿದ್ರೆ ನಾನೇ ಕೂಗಿ ಓಡುಸ್ತಿದ್ನಲ್ಲವ್ವ, ಇದ್ಯಾಕ್ ಬೇಕಿತ್ತು?"

೩. ಮಾತು ಉಳಿಸಿಕೊಂಡ ತಗಡು

ಒಂದು ಬೆಳಿಗ್ಗೆ ಮಳವಳ್ಳಿಯಲ್ಲಿ ಮೇಷ್ಟ್ರೊಬ್ಬರ ಕಾರಿಗೆ ಹೊಸ ಕೀ ಪರಿಚಯ ಮಾಡಿಸುತ್ತಿದ್ದೆ. ಪಕ್ಕದ ಬೀದಿಯಿಂದ ರೇಷ್ಮೆ ಪಂಚೆ ಎತ್ತಿಕಟ್ಟಿಕೊಂಡು ಒಬ್ಬರು ಓಡಿಬಂದರು. ಮದುಮಗನ ಸೋದರಮಾವ. ಮುಹೂರ್ತ ಹತ್ತೂವರೆಗೆ, ಮದ್ದೂರಿನ ಛತ್ರದಲ್ಲಿ. ಆಗಲೇ ಗಂಟೆ ಒಂಬತ್ತು. ನೆಂಟರ ಬಸ್ಸು ಹೊರಟು ಹೋಗಿದೆ, ಹೂವು ಮುಡಿದ ಹೊಸ ಕಾರು ಮಾತ್ರ ಸ್ಟಾರ್ಟ್ ಆಗುತ್ತಿಲ್ಲ.

"ಆಟೋದಲ್ಲಿ ಓಗುಮ ಅಂದ್ರೆ ನಮ್ಮಕ್ಕ ಬುಡ್ತಾ ಇಲ್ಲ ಕಣಮ್ಮ."

ಹೋದೆ. ಮದುಮಗ ಪೇಟ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದ. ಕೀ ಕೈಗೆ ತಗೊಂಡರೆ ಅದರ ತಲೆಗೆ ದೃಷ್ಟಿ ತಾಗದಿರಲೆಂದು ಮಂತ್ರಿಸಿಕೊಟ್ಟ ತಾಮ್ರದ ಯಂತ್ರದ ತಗಡು ಸುತ್ತಿ, ಮೇಲೆ ಕಪ್ಪುದಾರ ಬಿಗಿದಿತ್ತು. ಆ ಮುಸುಕಿನೊಳಗಿದ್ದ ಚಿಪ್ಪಿಗೆ ಕಾರು ಕೇಳುವುದೂ ಕೇಳಿಸದು, ಅದರ ಉತ್ತರ ಹೊರಗೂ ಬಾರದು.

"ಇದನ್ನ ಬಿಚ್ಚಬೇಕು" ಅಂದೆ.

ಮದುಮಗನ ತಾಯಿ ಅಡ್ಡ ಬಂದರು. "ಸೊಸೆ ಮನೆ ತುಂಬಗಂಟ ಬಿಚ್ಬಾರ್ದು ಅಂದವ್ರೆ."

"ಇನ್ನೊಂದು ಕೀ ಇದೆಯಾ?"

ಅವರು ಸೆರಗಿನ ಗಂಟು ಬಿಚ್ಚಿ ತೆಗೆದುಕೊಟ್ಟರು. ಅದಕ್ಕೂ ತಗಡು.

"ಒಂದುಕ್ಕೆ ಕಟ್ಟಿ ಒಂದುನ್ನ ಅಂಗೇ ಬುಡಕ್ಕಾಯ್ತದಾ?"

"ಅಕ್ಕೋ, ಒಂಬತ್ತೂಕಾಲು" ಎಂದರು ಸೋದರಮಾವ. ಮದುಮಗ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೇ ನೋಡುತ್ತಿದ್ದ. ಚಿಪ್ಪಿನ ಪಾಠ ಮಾಡಲು ಹೊತ್ತಿರಲಿಲ್ಲ.

"ಅಮ್ಮ, ಇದನ್ನ ಕೊಟ್ಟವರು ಏನಂತ ಹೇಳಿ ಕೊಟ್ಟರು?"

"ಇನ್ಮೇಲೆ ನಿಮ್ಮ ಕಾರ್ನ ಯಾರ ಕೈಲೂ ಅಲ್ಲಾಡ್ಸಕ್ಕಾಗಲ್ಲ ಅಂದ್ರು."

"ಹೇಳಿದಂತೆ ಮಾಡಿದ್ದಾರೆ."

ಅವರು ಕಾರನ್ನು ನೋಡಿದರು. ತಗಡನ್ನು ನೋಡಿದರು. ಅಲ್ಲಿವರೆಗೆ ಗಂಟು ಹಾಕಿಕೊಂಡಿದ್ದ ಮುಖ ಹಿಗ್ಗಿನಿಂದ ಅರಳಿತು. "ಅಂಗಾರೆ ಸಕ್ತಿ ಅದೆ ಅನ್ನು."

"ಬೇಕಾದಷ್ಟಿದೆ. ಕೀ ಒಂದು ಬಿಟ್ಟು ಬೇರೆ ಎಲ್ಲಾದರೂ ಕಟ್ಟಿ."

ತಾವೇ ದಾರ ಬಿಚ್ಚಿದರು. ಕಾರು ಒಂದೇ ತಿರುವಿಗೆ ಗುರ್ರೆಂದಿತು. ಬಿಚ್ಚಿದ ತಗಡನ್ನು ನೆಲಕ್ಕಿಡುವ ಹಾಗಿಲ್ಲವಲ್ಲ, ಮಗನ ತೋಳಿಗೇ ಬಿಗಿಯಾಗಿ ಕಟ್ಟಿಬಿಟ್ಟರು.

ಮುಂದಿನ ಸೀಟಿನಲ್ಲಿ ಕೂತಿದ್ದ ಸೋದರಮಾವ ತಿರುಗಿ ಅದನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಅಕ್ಕೋ, ಕಾರ್ ಸ್ಟಾರ್ಟ್ ಆಗ್ನಿಲ್ಲ ಅಂದುದ್ಕೆ ಈಯಮ್ಮ ಬಂದ್ರು. ನಾಳಿಕೆ ಇವ್ನು ಸ್ಟಾರ್ಟ್ ಆಗ್ನಿಲ್ಲ ಅಂದ್ರೆ ಯಾರ್ನ ಕರಿಯದು?"