ಫ್ರಿಜ್ ಮೇಲಿನ ಕವಿ

ಇದು ಹೋದ ವರ್ಷ ಮಾರ್ಚ್‌ನಲ್ಲಿ ನಡೆದದ್ದು. ಮೂರು ದೇಶದವರು ಒಂದೇ ಅಡುಗೆಮನೆ ಹಂಚಿಕೊಂಡರೆ ಇಂಥದ್ದು ವಾರಕ್ಕೊಂದು ನಡೆಯುತ್ತದೆ. ಮಾಸ್ಟ್ರಿಕ್ಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಉಕ್ರೇನಿನವಳೊಬ್ಬಳು, ಪೋಲೆಂಡಿನವನೊಬ್ಬ, ಬೆಂಗಳೂರಿನ ನಾನು. ಮೂವರೂ ಒಂದೇ ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇವೆ. ಲ್ಯಾಬ್‌ನಲ್ಲಿ ಜಗಳವಿಲ್ಲ. ಅಲ್ಲಿನ ಫ್ರಿಜ್ ಮೇಲಿನ ಗೋಡೆ ಖಾಲಿ ಇದೆ.

೧. ಮೀಸೆ

ಒಂದು ಭಾನುವಾರ ಉಕ್ರೇನಿನವಳು ಮನೆಯ ಫ್ರಿಜ್ ಮೇಲಿನ ಗೋಡೆಗೆ ಒಂದು ಫೋಟೊ ತೂಗುಹಾಕಿದಳು. ತುಪ್ಪಳದ ಟೋಪಿ, ಜೋಲು ಮೀಸೆ, ಯಾರು ಪಾತ್ರೆ ತೊಳೆದಿಲ್ಲ ಎಂದು ಹುಡುಕುವ ಕಣ್ಣು.

"ನಿಮ್ಮ ತಾತನಾ?" ಎಂದೆ.

"ನಮ್ಮ ರಾಷ್ಟ್ರಕವಿ. ಊರಲ್ಲೂ ಒಲೆ ಪಕ್ಕದಲ್ಲೇ ಇದ್ದ. ಆ ಮನೆ ಈಗಿಲ್ಲ. ಎರಡು ಸ್ವೆಟರ್ ಬಿಟ್ಟು ಇವನನ್ನ ತಂದೆ."

ಪೋಲೆಂಡಿನವನು ಹಾಲಿಗೆಂದು ಬಂದ. ತಲೆಯೆತ್ತಿ ನೋಡಿದ.

"ಓ, ಇವನಾ! ನಮ್ಮಲ್ಲಿ ಇವನು ಇಬ್ಬರಿದ್ದಾನೆ. ಒಬ್ಬ ರಷ್ಯಾದ ಝಾರ್ ದೊರೆಯ ವಿರುದ್ಧ ಬರೆದವನು, ನಮ್ಮವರನ್ನ ಅಣ್ಣತಮ್ಮ ಅಂತ ಕರೆದವನು. ಇನ್ನೊಬ್ಬ ನಮ್ಮವರನ್ನ ಕಡಿದುಹಾಕಿದ ದಂಗೆಯ ಮೇಲೆ ಇಷ್ಟುದ್ದ ಕಾವ್ಯ ಬರೆದವನು. ಮೊದಲನೆಯವನು ಶಾಲೆಯಲ್ಲಿ ಸಿಗ್ತಾನೆ. ಎರಡನೆಯವನು ಅಮ್ಮನ ಬಾಯಲ್ಲಿ."

"ಫ್ರಿಜ್ ಮೇಲೆ ಇರೋದು ಯಾವನು?"

"ಶುಕ್ರವಾರ ಗೊತ್ತಾಗುತ್ತೆ. ಅಮ್ಮ ಬರ್ತಿದ್ದಾಳೆ."

೨. ಸಭೆ

ನಮ್ಮ ಡಚ್ ಮನೆಯೊಡತಿಯ ಕರಾರಿನಲ್ಲಿ ಒಂದು ಷರತ್ತಿದೆ. ಎಲ್ಲರೂ ಬಳಸುವ ಗೋಡೆಗೆ ಏನು ಹಾಕಿದರೂ, ತೆಗೆದರೂ, ಎಲ್ಲರೂ ಕೂತು ಒಪ್ಪಬೇಕು. ಆಮೇಲೆ ಅವಳಿಗೆ ಬರೆದು ತಿಳಿಸಬೇಕು. ಹಾಕುವಾಗ ಯಾರಿಗೂ ನೆನಪಾಗದ್ದು ಇಳಿಸುವ ಮಾತು ಬಂದಾಗ ನೆನಪಾಯಿತು. ಕೂತೆವು.

"ಎರಡೇ ದಿನ ಇಳಿಸು. ಅಮ್ಮನಿಗೆ ಬಿಪಿ ಇದೆ," ಎಂದ ಅವನು.

"ಅವನನ್ನ ಒಂದು ಸಲ ಇಳಿಸಿಕೊಂಡು ಓಡಿಬಂದಿದೀನಿ. ಇನ್ನೊಂದು ಸಲ ಇಳಿಸಬೇಕಾದರೆ ನಾನೂ ಮನೆ ಬಿಡ್ತೀನಿ," ಎಂದಳು ಅವಳು.

ಹೇಳಿದರೆ ಹೇಳಿದಂತೆ ಮಾಡುವವಳು. ಇಬ್ಬರೂ ನನ್ನನ್ನು ನೋಡಿದರು.

"ಬಟ್ಟೆ ಮುಚ್ಚೋಣ. ತೆಗೆದ ಹಾಗೂ ಅಲ್ಲ, ತೋರಿಸಿದ ಹಾಗೂ ಅಲ್ಲ," ಎಂದೆ.

"ಇದೆಲ್ಲಿಂದ ಹೊಳೀತು ನಿನಗೆ?" ಎಂದ ಅವನು.

"ಊರಿನ ಅನುಭವ."

ಕೊನೆಗೆ ಅವಳೂ ಒಪ್ಪಿದಳು. ಮನೆಯೊಡತಿಗೆ ಬರೆದೆ: ಕವಿಗೆ ಅಡುಗೆಮನೆ ಟವೆಲ್ ಮುಚ್ಚುವುದು, ಭಾನುವಾರದವರೆಗೆ, ಮೂರು ಮತ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಟವೆಲ್ ಒಗೆದದ್ದಾಗಿರಲಿ."

೩. ಟವೆಲ್

ಶುಕ್ರವಾರ ಮಧ್ಯಾಹ್ನ ಕವಿಗೆ ಟವೆಲ್ ಮುಚ್ಚಿದೆವು. ಸಂಜೆ ಅಮ್ಮ ಬಂದರು. ಊಟ ಬಡಿಸಿದರು. ನಾವು ಬೇಡವೆಂದರೂ ಪಾತ್ರೆಗೂ ಕೈಹಾಕಿದರು. ತೊಳೆದ ಪಾತ್ರೆ ಒರೆಸಲು ಏನು ಬೇಕು ಎಂಬುದನ್ನು ಪಿಎಚ್‌ಡಿ ಮಾಡುತ್ತಿರುವ ಮೂವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಎಳೆದರು.

ಅಮ್ಮ ಕವಿಯನ್ನು ನೋಡಿದರು. ಕವಿ ಅಮ್ಮನನ್ನು ನೋಡಿದ. ಉಕ್ರೇನಿನವಳು ಎದ್ದು ಫ್ರಿಜ್‌ಗೆ ಅಡ್ಡ ನಿಂತಳು.

ಅಮ್ಮ ತಟ್ಟೆ ಒರೆಸುತ್ತಲೇ ಪೋಲಿಷ್‌ನಲ್ಲಿ ಏನೋ ಹೇಳತೊಡಗಿದರು. ಬೈಗುಳ ಎಂದುಕೊಂಡೆ. ಆದರೆ ಲಯವಿತ್ತು.

"ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದಂತೆ. ಇವನದೇ, ಆ ಅಣ್ಣತಮ್ಮ ಅನ್ನೋ ಕವಿತೆ," ಎಂದ ಮಗ ಪಿಸುದನಿಯಲ್ಲಿ.

ನಡುವೆ ಅಮ್ಮನಿಗೆ ಮರೆತುಹೋಯಿತು. ಉಳಿದದ್ದನ್ನು ಉಕ್ರೇನಿನವಳು ತನ್ನ ಭಾಷೆಯಲ್ಲಿ ಹೇಳಿ ಮುಗಿಸಿದಳು.

ಅಮ್ಮ ಕಣ್ಣೊರೆಸಿಕೊಂಡರು, ಅದೇ ಟವೆಲಿನಲ್ಲಿ. ಆಮೇಲಿನ ಮಾತಿಗೆ ಮಗನೇ ದುಭಾಷಿ.

"ಆದರೂ ಆ ಇನ್ನೊಂದು ಕಾವ್ಯ ನನಗೆ ಆಗಿಬರಲ್ಲ."

"ಓದಿದ್ದೀರಾ ಅಮ್ಮಾ?" ಎಂದಳು ಅವಳು.

"ಓದೋದು ಯಾಕೆ? ಆಗಿಬರಲ್ಲ ಅಂದೆನಲ್ಲ."

"ಕೊನೆಯಲ್ಲಿ ಆ ರಕ್ತಕ್ಕೆ ಅವನೇ ಮರುಗ್ತಾನೆ."

"ಹಾಗಾದರೆ ಕೊನೆಯ ಪುಟ ಮಾತ್ರ ಕೊಡು."

ಅವಳು ಮೊದಲ ಸಲ ನಕ್ಕಳು. ಫೋಟೊ ಉಳಿಯಿತು, ಅವಳೂ ಉಳಿದಳು. ಅಮ್ಮ ಟವೆಲನ್ನು ಮೇಲೆತ್ತಿ ಹಿಡಿದರು.

"ಕವಿಗೆ ಇದನ್ನ ಮುಚ್ಚಿದ್ದು ಯಾರು?"

ಇಬ್ಬರ ಬೆರಳೂ ನನ್ನತ್ತ ತಿರುಗಿದವು.

ಹೇಳಬೇಕಾಯಿತು. ನಮ್ಮ ಬೆಂಗಳೂರಿನ ಕೆರೆಯೊಂದರ ಹತ್ತಿರ ಪಕ್ಕದ ರಾಜ್ಯದ ಮಹಾಕವಿಯ ಪ್ರತಿಮೆ ನಿಲ್ಲಿಸಿದ್ದರು. ನಮ್ಮವರು ಬೇಡವೆಂದರು. ಕೆಡವಲೂ ಇಲ್ಲ, ಅನಾವರಣ ಮಾಡಲೂ ಇಲ್ಲ, ಮುಚ್ಚಿಟ್ಟರು. ಸ್ಕೂಲ್ ವ್ಯಾನ್‌ನಿಂದ ನೋಡುತ್ತಿದ್ದ ನಾನು ಅದನ್ನು ನೀರಿನ ಟ್ಯಾಂಕ್ ಎಂದೇ ತಿಳಿದಿದ್ದೆ.

ಮೂವರೂ ನನ್ನನ್ನೇ ನೋಡುತ್ತಿದ್ದರು.

"ನಮ್ಮವನು ಟವೆಲ್ ಅಡಿ ಇದ್ದದ್ದು ನಾಲ್ಕು ಗಂಟೆ," ಎಂದಳು ಉಕ್ರೇನಿನವಳು. "ಅವರು?"

"ಹದಿನೆಂಟು ವರ್ಷ."