ಪಾಠ ಬಿಟ್ಟು ಭಾಷಣಕ್ಕೆ ಹೋದವನು

ರಾಜಕೀಯ ನನ್ನನ್ನು ಕೆಡಿಸಿತೆಂದು ಬೆಟಗೇರಿಯ ಕೆಲವು ಮಿತ್ರರು ಹೇಳುತ್ತಾರೆ. ಅದು ರಾಜಕೀಯಕ್ಕೆ ಸಲ್ಲದ ಕೀರ್ತಿ. ಅದಕ್ಕೂ ಮೊದಲು ನಾನೇನು ಅಂಥ ಒಳ್ಳೆಯವನಾಗಿರಲಿಲ್ಲ. ಭೂಗೋಳವನ್ನು ಮಾತ್ರ ಚೆನ್ನಾಗಿ ಕಲಿಸುತ್ತಿದ್ದೆ. ಬ್ರಿಟಿಷರ ಕಾಲ. ಗದಗಿನ ಶಾಲೆಯಲ್ಲಿ ಒಂದು ದಿನ ನಕಾಶೆ ಬಿಡಿಸಿ, ಗದಗ ಮುಂಬಯಿ ಪ್ರಾಂತಕ್ಕೆ, ಶಿರಹಟ್ಟಿ, ಲಕ್ಷ್ಮೇಶ್ವರಗಳು ಸಂಸ್ಥಾನಗಳಿಗೆ ಸೇರಿವೆ ಎಂದು ತೋರಿಸುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮವ್ವನ ತವರಮನಿ ಲಕ್ಷ್ಮೇಶ್ವರ. ಅಲ್ಲೂ ನಮ್ಹಂಗ ಮಾತಾಡ್ತಾರ. ಮತ್ತ ಬ್ಯಾರೆ ರಾಜ್ಯ ಯಾಕ್ರಿ?" ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಮಾಸ್ತರು ಸಾಮಾನ್ಯವಾಗಿ ಹುಡುಗರನ್ನು ಗದರುತ್ತಾರೆ. ನಾನು ಚುನಾವಣೆಗೆ ನಿಂತೆ.

ಮೊದಲು ಪುರಸಭೆ, ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ವಿಧಾನಸಭೆ, ಆಮೇಲೆ ದಿಲ್ಲಿ. "ಏಕೀಕರಣ ಆಗೂತನ ಅಷ್ಟ, ಆಮ್ಯಾಲ ಶಾಲಿಗೆ ಹೋಗ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ದಿಲ್ಲಿಯಲ್ಲಿ ಸಭೆಯ ಗಂಟೆ ಬಾರಿಸಿದಾಗಲೆಲ್ಲ ನನ್ನ ಕೈ ಜೇಬಿನಲ್ಲಿ ಸೀಮೆಸುಣ್ಣ ಹುಡುಕುತ್ತಿತ್ತು. ಊರಿಗೆ ಬಂದಾಗ ಮುಂಡರಗಿ ಕಡೆಯ ರೈತರು ರಸ್ತೆ ಬೇಕೆಂದು ಅರ್ಜಿ ತಂದರೆ, ಕಾಗುಣಿತ ತಿದ್ದಿ ಅವರಿಗೇ ಮರಳಿ ಕೊಟ್ಟೆ. ಅವರಲ್ಲಿ ಹಿರಿಯರೊಬ್ಬರು, "ಸರ್, ಒತ್ತಕ್ಷರ ಆಮ್ಯಾಲ ಹಾಕೂಣು, ಮೊದಲ ರಸ್ತಾ ಹಾಕಿಸ್ರಿ" ಎಂದರು. ಹಾಕಿಸಿದೆ. ಆದರೆ ಅದರ ಉದ್ಘಾಟನೆಯ ದಿನ ಪಕ್ಕದ ಶಾಲೆಯಿಂದ ಮಕ್ಕಳ ಮಗ್ಗಿ ಕೇಳಿಸಿತು ನೋಡಿ, ಕೊರಳಲ್ಲಿದ್ದ ಹಾರ ನೊಗದಂತೆ ಭಾರವಾಯಿತು.

ಕೊನೆಗೂ ಏಕೀಕರಣವಾಯಿತು. ಮರುವಾರವೇ ಶಾಲೆಗೆ ಹೋದೆ. ಹೆಡ್‌ಮಾಸ್ತರು ನನ್ನ ಹಳೆಯ ಶಿಷ್ಯ. "ಒಂದ ತಾಸು ಕೊಡಪಾ, ಸಾಕು" ಎಂದು ಅಂಗಲಾಚಿದೆ.

"ಕೇಳಬೇಕೇನ್ರಿ ಸರ್? ಬರ್ರಿ" ಎಂದು ಆತ ವರ್ಗಕ್ಕೆ ಕರೆದೊಯ್ದ.

ಹೊಸ ನಕಾಶೆ ತೂಗುಹಾಕಿ ಶುರು ಮಾಡಿದೆ. ಎಷ್ಟು ವರ್ಷದ ಹಸಿವು! ಧ್ವನಿ ಏರಿತು, ಕೈ ಮೇಲೆದ್ದಿತು, ನಡುವೆ "ಬಂಧುಗಳೇ" ಎಂದೂ ಅಂದುಬಿಟ್ಟೆನಂತೆ. ಮುಗಿಸಿ, "ಯಾರಿಗರೆ ಏನರೆ ಕೇಳೂದೈತೇನು?" ಎಂದು ಆಸೆಯಿಂದ ಕಾದೆ. ಮಕ್ಕಳು ಒಮ್ಮೆಲೇ ಚಪ್ಪಾಳೆ ತಟ್ಟಿದರು. ಪ್ರಶ್ನೆ ಒಂದೂ ಬರಲಿಲ್ಲ.

ಮನೆಗೆ ಬಂದಾಗ ಹೆಂಡತಿ, "ಪಾಠ ಹೆಂಗಾತ್ರಿ?" ಎಂದಳು.

"ಚಲೋ ಆತು. ಚಪ್ಪಾಳಿ ಹೊಡದ್ರು."

ಅವಳು ನನ್ನ ಮುಖ ನೋಡಿ, "ಅಯ್ಯ, ಪಾಪ" ಎಂದು ನೀರಿನ ತಂಬಿಗೆ ತಂದಿಟ್ಟಳು.

ಮುಂದಿನ ಚುನಾವಣೆಗೆ ಮತ್ತೆ ನಾಮಪತ್ರ ಹಾಕಿದೆ. ಏನು ಮಾಡಲಿ, ನನಗೆ ಬರುವ ಕೆಲಸ ಅದೊಂದೇ ಉಳಿದಿತ್ತು.